ಆಲ್‌-ಇನ್‌-ಒನ್‌ ಒಳಗೆ ಹೊಸ ಗ್ರಾಫಿಕ್ಸ್ ಕಾರ್ಡು: ಕೂರುತ್ತದೆಯೇ, ಕೂತರೂ ಬೇಕೇ?

ಪರದೆಯ ಬೆನ್ನಿನಲ್ಲೇ ಇಡೀ ಕಂಪ್ಯೂಟರನ್ನು ಅಡಗಿಸಿಕೊಂಡ ಆಲ್‌-ಇನ್‌-ಒನ್‌ ಯಂತ್ರಗಳನ್ನು ಜನ ಮೆಚ್ಚಿಕೊಂಡದ್ದು ಅವುಗಳ ಚೊಕ್ಕತನಕ್ಕೆ. ಕಾಲಬುಡದಲ್ಲಿ ಸಿಪಿಯು ಡಬ್ಬಿ ಇಲ್ಲ, ತಂತಿಗಳ ಗೋಜಲಿಲ್ಲ, ಮೇಜಿನ ಮೇಲೆ ಜಾಗ ಉಳಿಯುತ್ತದೆ. ಮಲೆನಾಡಿನ ಕೊಪ್ಪದ ಸುತ್ತಲಿನ ಭಂಡಿಗಡಿ, ಹರಿಹರಪುರ, ಜಯಪುರದಂಥ ಊರುಗಳ ಮನೆಗೆ, ಅಡಿಕೆ ವ್ಯಾಪಾರದ ಲೆಕ್ಕದ ಮೇಜಿಗೆ, ಅರ್ಜಿ ತುಂಬಿಕೊಡುವ ಸೇವಾ ಕೇಂದ್ರದ ಇಕ್ಕಟ್ಟಿನ ಕೋಣೆಗೆ ಹೇಳಿ ಮಾಡಿಸಿದಂಥ ಯಂತ್ರ ಅದು. ಎಂಟು-ಹತ್ತು ವರ್ಷ ಕಳೆದ ಮೇಲೆ ಅದರ ಮೇಲಿನ ದೂರು ಎಲ್ಲ ಕಡೆಯೂ ಒಂದೇ: ನಿಧಾನ. ವಿಡಿಯೊ ತಡವರಿಸುತ್ತದೆ, ಮಕ್ಕಳು ಕೇಳಿದ ಆಟ ಓಡುವುದಿಲ್ಲ, ಮದುವೆಯ ವಿಡಿಯೊ ಎಡಿಟ್ ಮಾಡಲು ಕೂತರೆ ಫ್ಯಾನ್ ಕಿರುಚುತ್ತದೆ. ಆಗ ಯಾರಾದರೂ ಹೇಳಿಯೇ ಹೇಳುತ್ತಾರೆ, ‘ಒಂದ್ ಗ್ರಾಫಿಕ್ಸ್ ಕಾರ್ಡ್ ಹಾಕ್ಸಿ ಮಾರಾಯ್ರೆ, ಸರಿಯಾಗ್ತದೆ.’ ಟವರ್ ಕಂಪ್ಯೂಟರಿನ ಮಟ್ಟಿಗೆ ಈ ಸಲಹೆ ಎಷ್ಟೋ ಸಲ ಸರಿ. ಆಲ್‌-ಇನ್‌-ಒನ್‌ ಮಟ್ಟಿಗೆ ಅದು ಬಹುತೇಕ ತಪ್ಪು. ಕಾರ್ಡು ಸಿಗುವುದು ಕಷ್ಟ ಎಂಬುದು ಅದಕ್ಕೆ ಸಣ್ಣ ಕಾರಣ ಮಾತ್ರ. ಯಂತ್ರದ ನಿಧಾನಕ್ಕೂ ಕಾರ್ಡಿಗೂ ಹೆಚ್ಚಿನ ಸಂದರ್ಭಗಳಲ್ಲಿ ಸಂಬಂಧವೇ ಇರುವುದಿಲ್ಲ, ಸಂಬಂಧ ಇರುವ ಕಡೆ ಆ ಯಂತ್ರದ ಒಡಲು ಹೊಸ ಕಾರ್ಡನ್ನು ತಾಳಿಕೊಳ್ಳುವುದಿಲ್ಲ. ದೊಡ್ಡ ಕಾರಣ ಇದು.

ಟವರಿನಲ್ಲಿ ಈ ಕೆಲಸ ಸುಲಭ ಯಾಕೆ ಎಂದು ಮೊದಲು ನೋಡೋಣ. ಅಲ್ಲಿ ಮದರ್‌ಬೋರ್ಡಿನ ಮೇಲೆ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ಇರುತ್ತದೆ. ಯಾವ ಕಂಪನಿಯ ಕಾರ್ಡಾದರೂ ಅದರಲ್ಲಿ ಕೂರುತ್ತದೆ. 75 ವಾಟ್‌ವರೆಗಿನ ವಿದ್ಯುತ್ತು ಆ ಸ್ಲಾಟಿನಿಂದಲೇ ಸಿಗುತ್ತದೆ. ಸಾಲದಿದ್ದರೆ ಪವರ್ ಸಪ್ಲೈ ಆದ ಎಸ್‌ಎಂಪಿಎಸ್‌ನಿಂದ ಬೇರೆ ತಂತಿ ಕೊಡಬಹುದು, ಎಸ್‌ಎಂಪಿಎಸ್ಸೇ ಸಾಲದಿದ್ದರೆ ಅದನ್ನೂ ಬದಲಿಸಬಹುದು. ಕಾರ್ಡು ತನ್ನ ಫ್ಯಾನನ್ನು ತಾನೇ ಹೊತ್ತು ತರುತ್ತದೆ, ಡಬ್ಬಿಯೊಳಗೆ ಗಾಳಿಯಾಡಲು ಧಾರಾಳ ಜಾಗವಿರುತ್ತದೆ. ಆಲ್‌-ಇನ್‌-ಒನ್‌ ಹೊರಗಿನಿಂದ ಡೆಸ್ಕ್‌ಟಾಪಿನಂತೆ ಕಂಡರೂ ಒಳಗೆ ಲ್ಯಾಪ್‌ಟಾಪ್. ಅದರಲ್ಲಿ ಬಳಸುವ ಪ್ರೊಸೆಸರ್ ಸಾಮಾನ್ಯವಾಗಿ ಕಡಿಮೆ ವಿದ್ಯುತ್ತಿನದು, ರ‍್ಯಾಮ್ ಲ್ಯಾಪ್‌ಟಾಪಿನದು, ವಿದ್ಯುತ್ತು ಬರುವುದು ಬಹಳಷ್ಟು ಮಾದರಿಗಳಲ್ಲಿ 90, 120 ಅಥವಾ 150 ವಾಟ್‌ನ ಅಡಾಪ್ಟರಿನಿಂದ. ಇಂಥ ಯಂತ್ರದಲ್ಲಿ ಗ್ರಾಫಿಕ್ಸ್ ಮೂರು ರೀತಿಯಲ್ಲಿ ಇರಬಹುದು. ಬಹುಪಾಲು ಯಂತ್ರಗಳಲ್ಲಿ ಪ್ರತ್ಯೇಕ ಗ್ರಾಫಿಕ್ಸ್ ಚಿಪ್ಪೇ ಇಲ್ಲ. ಪ್ರೊಸೆಸರಿನೊಳಗೆ ಸೇರಿಕೊಂಡ ಗ್ರಾಫಿಕ್ಸ್ ಭಾಗವೇ ಆ ಕೆಲಸವನ್ನೂ ಮಾಡುತ್ತದೆ. ಇನ್ನು ಕೆಲವದರಲ್ಲಿ ಎನ್‌ವಿಡಿಯಾ ಅಥವಾ ಎಎಂಡಿಯ ಚಿಪ್ ಇದೆ, ಆದರೆ ಅದನ್ನು ಮದರ್‌ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಮೂರನೆಯ ಗುಂಪು ತೀರಾ ಸಣ್ಣದು: ಬಿಚ್ಚಿ ತೆಗೆಯಬಹುದಾದ ಎಂಎಕ್ಸ್‌ಎಂ ಕಾರ್ಡು ಇರುವಂಥವು. ಮೊದಲ ಎರಡು ಗುಂಪಿನ ಯಂತ್ರಗಳ ಮಾಲೀಕರಿಗೆ ಪ್ರಶ್ನೆ ಇಲ್ಲಿಗೇ ಮುಗಿಯಿತು. ಇಲ್ಲದ ಸ್ಲಾಟಿಗೆ ಯಾವ ಕಾರ್ಡನ್ನೂ ಹಾಕಲು ಬರುವುದಿಲ್ಲ. ತಮ್ಮದು ಯಾವ ಗುಂಪು ಎಂದು ತಿಳಿಯಲು ಯಂತ್ರವನ್ನು ಬಿಚ್ಚಬೇಕಾಗಿಯೂ ಇಲ್ಲ. ಎಚ್‌ಪಿ, ಡೆಲ್, ಲೆನೊವೊ ಕಂಪನಿಗಳು ತಮ್ಮ ಬಹುಪಾಲು ಮಾದರಿಗಳ ಸರ್ವಿಸ್ ಕೈಪಿಡಿಯನ್ನು ಉಚಿತವಾಗಿ ಕೊಡುತ್ತವೆ; ಬಿಡಿಭಾಗಗಳ ಪಟ್ಟಿಯಲ್ಲಿ ಗ್ರಾಫಿಕ್ಸ್ ಕಾರ್ಡಿಗೆ ಬೇರೆಯೇ ಪಾರ್ಟ್ ನಂಬರ್ ಇದ್ದರೆ ಅದು ಬಿಚ್ಚಬಹುದಾದದ್ದು, ಇಲ್ಲದಿದ್ದರೆ ಬೋರ್ಡಿನಲ್ಲೇ ಇದೆ ಎಂದರ್ಥ.

ಆಸೆ ಹುಟ್ಟಿಸುವುದು ಮೂರನೆಯ ಗುಂಪು. ಎಂಎಕ್ಸ್‌ಎಂ ಎಂಬ ಮಾನದಂಡವನ್ನು ಎನ್‌ವಿಡಿಯಾ 2004ರಲ್ಲಿ ಮುಂದಿಟ್ಟಾಗ ಅದರ ಭರವಸೆ ದೊಡ್ಡದಿತ್ತು: ಲ್ಯಾಪ್‌ಟಾಪಿನಲ್ಲೂ ಗ್ರಾಫಿಕ್ಸ್ ಕಾರ್ಡನ್ನು ರ‍್ಯಾಮ್ ಬದಲಿಸಿದಂತೆ ಬದಲಿಸಬಹುದು. ಮೂರನೆಯ ಆವೃತ್ತಿಯ ಹೊತ್ತಿಗೆ ಎರಡು ಅಳತೆಗಳು ನಿಂತವು. 82 ಮಿಲಿಮೀಟರ್ ಅಗಲ, 70 ಮಿಲಿಮೀಟರ್ ಉದ್ದದ್ದು ಎ ಮಾದರಿ. ಅದೇ ಅಗಲಕ್ಕೆ 105 ಮಿಲಿಮೀಟರ್ ಉದ್ದದ್ದು ಬಿ ಮಾದರಿ. ಎ ಮಾದರಿ ಸುಮಾರು 55 ವಾಟ್‌ಗೆ ಮೀಸಲು, ಬಿ ಮಾದರಿ ಅದಕ್ಕಿಂತ ಹೆಚ್ಚಿನ ವಾಟ್‌ಗೆ. ಕಾಗದದ ಮೇಲೆ ಎಲ್ಲವೂ ಚೊಕ್ಕ. ಆಚರಣೆಯಲ್ಲಿ ಆದದ್ದು ಬೇರೆ. ಕನೆಕ್ಟರ್ ಒಂದೇ ಆದರೂ ಶಾಖ ಹೀರುವ ಹೀಟ್‌ಸಿಂಕಿನ ಆಕಾರ, ಸ್ಕ್ರೂ ತೂತುಗಳ ಜಾಗ, ಚಿಪ್ಪಿನ ಎತ್ತರ ಇವನ್ನೆಲ್ಲ ಪ್ರತಿ ಕಂಪನಿಯೂ ತನಗೆ ಬೇಕಾದಂತೆ ಮಾಡಿಕೊಂಡಿತು. ಕಾರ್ಡಿನೊಳಗಿನ ವಿಡಿಯೊ ಬಯೋಸ್ ಆಯಾ ಯಂತ್ರಕ್ಕೆಂದೇ ಬರೆದದ್ದು. ಹೀಗಾಗಿ ಒಂದು ಕಂಪನಿಯ ಕಾರ್ಡು ಇನ್ನೊಂದರ ಯಂತ್ರದಲ್ಲಿ ಕೂತರೂ ಪರದೆ ಕಪ್ಪಾಗಿಯೇ ಉಳಿಯಬಹುದು, ಫ್ಯಾನ್ ಅಂಕೆ ತಪ್ಪಬಹುದು, ಅಥವಾ ಯಂತ್ರವೇ ಆನ್ ಆಗದಿರಬಹುದು. ಟವರಿನ ಕಾರ್ಡುಗಳಂತೆ ಇವು ಅಂಗಡಿಯಲ್ಲಿ ಡಬ್ಬಿ ಸಮೇತ ಮಾರಾಟಕ್ಕೆ ಬಂದದ್ದೂ ಅಪರೂಪ. ಈಗ ಸಿಗುವುದು ಹೆಚ್ಚಾಗಿ ಹಳೆಯ ವರ್ಕ್‌ಸ್ಟೇಷನ್ ಲ್ಯಾಪ್‌ಟಾಪುಗಳಿಂದ ಕಿತ್ತ ಕಾರ್ಡುಗಳು. ಅವು ಹಿಂದೆ ಎಷ್ಟು ವರ್ಷ, ಎಷ್ಟು ಬಿಸಿಯಲ್ಲಿ ದುಡಿದಿವೆ ಎಂಬುದು ಕೊಳ್ಳುವವರಿಗೆ ಗೊತ್ತಾಗುವುದಿಲ್ಲ.

ಹಾಗಾದರೆ ಯಾರೂ ಯಶಸ್ವಿಯಾಗಿಲ್ಲವೇ? ಆಗಿದ್ದಾರೆ, ಮತ್ತು ಅವರ ಯಶಸ್ಸನ್ನು ಬಿಡಿಸಿ ನೋಡುವುದೇ ಈ ಪ್ರಶ್ನೆಗೆ ಸಿಗಬಹುದಾದ ಅತ್ಯುತ್ತಮ ಪುರಾವೆ. ಆಪಲ್ ಕಂಪನಿಯ 27 ಇಂಚಿನ ಐಮ್ಯಾಕ್, 2009ರ ಕೊನೆಯದು, 2010ರದು, 2011ರದು, ಈ ಮೂರರಲ್ಲೂ ಎಂಎಕ್ಸ್‌ಎಂ ಕಾರ್ಡಿದೆ. ಪರದೆಯ ಮುಂದಿನ ಗಾಜನ್ನು ಆಯಸ್ಕಾಂತದಿಂದ ಹಿಡಿಸಿದ್ದಾರೆ. ರಬ್ಬರ್ ಹೀರುಬಟ್ಟಲು ಒತ್ತಿ ಎಳೆದರೆ ಗಾಜು ಕೈಗೆ ಬರುತ್ತದೆ. 2011ರ ಯಂತ್ರದಲ್ಲಿದ್ದ ಎಎಂಡಿ ಕಾರ್ಡುಗಳು ಆಪಲ್‌ನ ಮೆಟಲ್ ಎಂಬ ಗ್ರಾಫಿಕ್ಸ್ ತಂತ್ರಜ್ಞಾನವನ್ನು ಅರಿಯವು. ಮ್ಯಾಕ್‌ಒಎಸ್‌ನ 2018ರ ಮೊಹಾವೆ ಆವೃತ್ತಿಯಿಂದ ಮೆಟಲ್ ಕಡ್ಡಾಯವಾದಾಗ ಆ ಯಂತ್ರಗಳು ಅದರ ಹಿಂದಿನ ಹೈ ಸಿಯೆರಾದಲ್ಲೇ ನಿಂತುಬಿಟ್ಟವು. ಆಗ ಹವ್ಯಾಸಿಗಳು ಎನ್‌ವಿಡಿಯಾದ ಕೆಪ್ಲರ್ ಪೀಳಿಗೆಯ ಕ್ವಾಡ್ರೊ ಕೆ1100ಎಂ, ಕೆ2100ಎಂ ಕಾರ್ಡುಗಳನ್ನು ಅದರಲ್ಲಿ ಕೂರಿಸಿದರು. ಒಂದು 45 ವಾಟ್, ಇನ್ನೊಂದು 55 ವಾಟ್. ಎರಡೂ ಹಳೆಯ ಹೀಟ್‌ಸಿಂಕಿನ ತಾಕತ್ತಿನೊಳಗೆ ಬರುವಂಥವು. ಆದರೆ ಮೂಲ ಬಯೋಸಿನಲ್ಲಿ ಈ ಕಾರ್ಡುಗಳಿಗೆ ಆಪಲ್ ಲೋಗೊ ಬರುವ ಆರಂಭದ ತೆರೆ ಕಾಣಿಸದು, ಪರದೆಯ ಬೆಳಕು ಹೆಚ್ಚು-ಕಡಿಮೆ ಮಾಡಲು ಬಾರದು. ಅದಕ್ಕಾಗಿ ಅವರು ಹೊಸ ವಿಡಿಯೊ ಬಯೋಸ್ ಬರೆದರು. ಅದನ್ನು ಕಾರ್ಡಿನ ಚಿಪ್ಪಿಗೆ ಇಳಿಸಲು ಸಿಎಚ್341ಎ ಎಂಬ ಪುಟ್ಟ ಪ್ರೋಗ್ರಾಮರ್ ಬಳಸಿದರು, ಹೀಟ್‌ಸಿಂಕನ್ನು ಅಲ್ಲಲ್ಲಿ ಉಜ್ಜಿ ಹೊಂದಿಸಿದರು. ಇಷ್ಟೆಲ್ಲ ಆದ ಮೇಲೆ ಸಿಕ್ಕಿದ್ದೇನು? ಮೊಹಾವೆ, ಕ್ಯಾಟಲಿನಾ, ಹೆಚ್ಚುವರಿ ಪ್ಯಾಚುಗಳೊಡನೆ ಇನ್ನಷ್ಟು ದಿನ. 2021ರಲ್ಲಿ ಬಂದ ಮಾಂಟೆರಿಯಲ್ಲಿ ಆಪಲ್ ಕೆಪ್ಲರ್ ಡ್ರೈವರನ್ನೇ ತೆಗೆದುಹಾಕಿತು. ಅಂದರೆ ಪ್ರಪಂಚದಾದ್ಯಂತದ ಕುಶಲಿಗರು ಕೂಡಿ ಒಂದೇ ಮಾದರಿಯ ಮೇಲೆ ವರ್ಷಗಟ್ಟಲೆ ದುಡಿದು ಗಳಿಸಿದ್ದು ಕೆಲವು ವರ್ಷಗಳ ಆಯುಷ್ಯವನ್ನು. ಅವರ ಸಾಧನೆ ನಿಜಕ್ಕೂ ಮೆಚ್ಚತಕ್ಕದ್ದು, ಆದರೆ ಬೇರೆ ಯಂತ್ರದ ಮಾಲೀಕರಿಗೆ ಅದು ದಾರಿಯಾಗದು. 2012ರ ಕೊನೆಗೆ ಬಂದ ತೆಳು ಐಮ್ಯಾಕಿನಲ್ಲಿ ಆಪಲ್ ಪರದೆಯನ್ನು ಅಂಟು ಪಟ್ಟಿಯಿಂದ ಅಂಟಿಸಿತು, ಗ್ರಾಫಿಕ್ಸ್ ಚಿಪ್ಪನ್ನು ಬೋರ್ಡಿಗೆ ಬೆಸೆಯಿತು. ಆ ಬಾಗಿಲೂ ಮುಚ್ಚಿತು.

ವಿಂಡೋಸ್ ಕಡೆ ಇದಕ್ಕೆ ಸಮನಾದ ಉದಾಹರಣೆ 2012ರ ಎಚ್‌ಪಿ ಝಡ್1. 27 ಇಂಚಿನ ಈ ಯಂತ್ರವನ್ನು ಮಲಗಿಸಿ ಪರದೆಯನ್ನು ಕಾರಿನ ಬಾನೆಟ್ಟಿನಂತೆ ಎತ್ತಬಹುದು, ಸ್ಕ್ರೂಡ್ರೈವರ್ ಬೇಕಿಲ್ಲ, ಒಳಗೆ 400 ವಾಟ್ ಪವರ್ ಸಪ್ಲೈ, ಕ್ವಾಡ್ರೊ ಎಂಎಕ್ಸ್‌ಎಂ ಕಾರ್ಡು. ಆಲ್‌-ಇನ್‌-ಒನ್‌ ಕೂಡ ಬಿಚ್ಚಿ ದುರಸ್ತಿ ಮಾಡುವಂತೆ ಇರಬಲ್ಲದು ಎಂಬುದಕ್ಕೆ ಅದು ಸಾಕ್ಷಿ. ಆದರೆ ಅದು ಎಂಜಿನಿಯರಿಂಗ್ ಕಚೇರಿಗಳಿಗೆಂದು ಮಾಡಿದ ದುಬಾರಿ ವರ್ಕ್‌ಸ್ಟೇಷನ್. ನಮ್ಮ ಊರುಗಳ ಮೇಜಿನ ಮೇಲಿರುವುದು ಅದಲ್ಲ.

ಸ್ಲಾಟಿನ ಪರೀಕ್ಷೆ ದಾಟಿದವರಿಗೆ ಮುಂದಿನದು ಬಿಸಿ. ಗ್ರಾಫಿಕ್ಸ್ ಚಿಪ್ ಸಾಯುವುದು ಸಾಮಾನ್ಯವಾಗಿ ಬಿಸಿಯ ಏರಿಳಿತದಿಂದ. ಚಿಪ್ಪೂ ಅದರ ಕೆಳಗಿನ ತಳವೂ ಬಿಸಿಯಾದಾಗ ಬೇರೆಬೇರೆ ಪ್ರಮಾಣದಲ್ಲಿ ಹಿಗ್ಗುತ್ತವೆ, ಆರಿದಾಗ ಕುಗ್ಗುತ್ತವೆ. ನಡುವಿನ ಬೆಸುಗೆಯ ಸಣ್ಣ ಮಣಿಗಳು ಸಾವಿರಾರು ಸಲ ಈ ಎಳೆತಕ್ಕೆ ಸಿಕ್ಕಿ ಬಿರುಕು ಬಿಡುತ್ತವೆ. 2008ರ ಜುಲೈನಲ್ಲಿ ಎನ್‌ವಿಡಿಯಾ ತನ್ನ ಲ್ಯಾಪ್‌ಟಾಪ್ ಚಿಪ್ಪುಗಳ ಇಂಥ ದೋಷಕ್ಕಾಗಿಯೇ 15ರಿಂದ 20 ಕೋಟಿ ಡಾಲರ್ ತೆಗೆದಿಡಬೇಕಾಯಿತು. 2011ರ ಐಮ್ಯಾಕಿನ ರೇಡಿಯಾನ್ ಎಚ್‌ಡಿ 6970ಎಂ ಕಾರ್ಡುಗಳು ಕೆಡತೊಡಗಿದಾಗ ಆಪಲ್ 2013ರ ಆಗಸ್ಟ್‌ನಲ್ಲಿ ಉಚಿತ ಬದಲಾವಣೆಯ ಯೋಜನೆ ಪ್ರಕಟಿಸಿತು. ಕಾರ್ಖಾನೆಯವರೇ ಲೆಕ್ಕ ಹಾಕಿ ಕೂರಿಸಿದ ಕಾರ್ಡುಗಳ ಗತಿ ಇದು. ಅದೇ ತೆಳು ಒಡಲಿಗೆ, ಒಣಗಿದ ಥರ್ಮಲ್ ಪೇಸ್ಟಿನ ಮೇಲೆ, ಧೂಳು ಕಟ್ಟಿದ ಫ್ಯಾನಿನ ಕೆಳಗೆ ಇನ್ನೂ ಬಲವಾದ ಕಾರ್ಡು ಹಾಕಿದರೆ ಏನಾದೀತೆಂದು ಊಹಿಸಲು ಕಷ್ಟವಿಲ್ಲ. ಕೆಟ್ಟ ಕಾರ್ಡನ್ನು ಓವನ್ನಿನಲ್ಲಿ ಬೇಯಿಸಿ ಬದುಕಿಸುವ ಜನಪ್ರಿಯ ವಿದ್ಯೆಯೊಂದಿದೆ. ಅದು ಹಿಡಿದರೂ ಕೆಲವು ವಾರ, ಕೆಲವು ತಿಂಗಳು. ಅಡುಗೆಯ ಓವನ್ನಿನಲ್ಲಿ ಎಲೆಕ್ಟ್ರಾನಿಕ್ ವಸ್ತು ಬೇಯಿಸುವುದು ಆರೋಗ್ಯಕ್ಕೂ ಒಳ್ಳೆಯದಲ್ಲ.

ಮಲೆನಾಡಿನಲ್ಲಿ ಸೆಕೆ ಕಡಿಮೆ, ಹಾಗಾಗಿ ಈ ಭಯ ಬೇಡ ಎಂದು ಯಾರಾದರೂ ಹೇಳಬಹುದು. ಸೆಕೆ ಕಡಿಮೆ, ನಿಜ. ಥಂಡಿ? ಶೃಂಗೇರಿಯ ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಕೊಪ್ಪದ ಕಡೆ ಅಷ್ಟಿಲ್ಲದಿದ್ದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆ, ಪುಸ್ತಕ, ಬಟ್ಟೆ ಎಲ್ಲಕ್ಕೂ ಬೂಷ್ಟು ಹಿಡಿಯುವ ಹವೆಯೇ. ಚಿನ್ನದ ಲೇಪವಿರುವ ಸೂಕ್ಷ್ಮ ಕನೆಕ್ಟರುಗಳ ಮೇಲೆ, ಬೆಸುಗೆಯ ಅಂಚಿನಲ್ಲಿ ಈ ತೇವ ಕೂತು ಧೂಳಿನೊಡನೆ ಸೇರಿ ಕಿಲುಬು ಹಿಡಿಸುತ್ತದೆ. ಒಮ್ಮೆ ಬಿಚ್ಚಿ ಮುಚ್ಚಿದ ಯಂತ್ರದ ಅಂಚುಗಳು ಮೊದಲಿನಷ್ಟು ಬಿಗಿಯಾಗಿ ಕೂರದಿದ್ದರೆ ಇರುವೆ, ಜಿರಲೆ, ಹಲ್ಲಿಗಳಿಗೆ ಬೆಚ್ಚಗಿನ ಮನೆ ಸಿಕ್ಕಂತಾಯಿತು. ಅದರ ಮೇಲೆ ಏಪ್ರಿಲ್-ಮೇ ತಿಂಗಳ ಸಿಡಿಲು, ಮರ ಬಿದ್ದು ಲೈನ್ ಕಡಿದಾಗ ಹೋಗಿ-ಬರುವ ಕರೆಂಟು, ವೋಲ್ಟೇಜಿನ ಏರಿಳಿತ. ಇವುಗಳ ನಡುವೆ ಹಳೆಯ ಅಡಾಪ್ಟರಿನಿಂದ ಮೂವತ್ತು-ನಲವತ್ತು ವಾಟ್ ಹೆಚ್ಚಿಗೆ ಎಳೆಯುವ ಕಾರ್ಡು ಯಂತ್ರದ ಆಯುಷ್ಯವನ್ನು ಮೊಟಕುಗೊಳಿಸುತ್ತದೆಯೇ ವಿನಾ ಹೆಚ್ಚಿಸುವುದಿಲ್ಲ. ದೂರದ ಲೆಕ್ಕವೂ ಇದೆ. ಬಿಡಿಭಾಗಗಳ ದೊಡ್ಡ ಪೇಟೆಯಾದ ಬೆಂಗಳೂರಿನ ಎಸ್‌ಪಿ ರಸ್ತೆ ಭಂಡಿಗಡಿಯಿಂದ 300 ಕಿಲೋಮೀಟರಿಗೂ ಆಚೆ. ಅಲ್ಲಿ ಕೊಂಡ ಕಾರ್ಡು ಇಲ್ಲಿ ಕೂರದಿದ್ದರೆ, ಕೂತು ಮೂರು ದಿನಕ್ಕೆ ಕೆಟ್ಟರೆ, ಹಿಂದಿರುಗಿಸುವ ಖರ್ಚೇ ಕಾರ್ಡಿನ ಬೆಲೆಯನ್ನು ಮುಟ್ಟೀತು.

ಇನ್ನು ಸಾಫ್ಟ್‌ವೇರ್. ಹಳೆಯ ಯಂತ್ರದಲ್ಲಿ ಕೂರುವ ಕಾರ್ಡುಗಳು ಅದೇ ಕಾಲದವಾಗಿರುತ್ತವೆ. ಅವುಗಳ ಡ್ರೈವರಿಗೂ ಅಷ್ಟೇ ವಯಸ್ಸು. ಎನ್‌ವಿಡಿಯಾ ಫರ್ಮಿ ಪೀಳಿಗೆಗೆ 2018ರಲ್ಲಿ, ಲ್ಯಾಪ್‌ಟಾಪಿನ ಕೆಪ್ಲರ್‌ಗೆ 2019ರಲ್ಲಿ, ಡೆಸ್ಕ್‌ಟಾಪಿನ ಕೆಪ್ಲರ್‌ಗೆ 2021ರಲ್ಲಿ ಹೊಸ ಡ್ರೈವರ್ ನಿಲ್ಲಿಸಿತು. ಹೊಸ ಕಾರ್ಡು ಹಾಕಿದರೆ ವಿಂಡೋಸ್ 11 ಹಾಕಿಕೊಳ್ಳಬಹುದು ಎಂಬ ನಂಬಿಕೆಯೂ ಹುಸಿ. ಮೈಕ್ರೋಸಾಫ್ಟ್ ಅದಕ್ಕೆ ಕೇಳುವುದು ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಮತ್ತು, ಕೆಲವೇ ಅಪವಾದ ಬಿಟ್ಟರೆ, ಇಂಟೆಲ್‌ನ ಎಂಟನೆಯ ಪೀಳಿಗೆ ಅಥವಾ ಅದರ ಮುಂದಿನ ಪ್ರೊಸೆಸರ್. 2013ರ ಯಂತ್ರಕ್ಕೆ ಎಂಥ ಕಾರ್ಡು ಜೋಡಿಸಿದರೂ ಆ ಬಾಗಿಲು ತೆರೆಯದು. ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಬ್ಯಾಂಕು, ಆಧಾರ್, ಪಹಣಿಯ ವ್ಯವಹಾರ ನಡೆಸುವ ಯಂತ್ರಕ್ಕೆ ವಿಡಿಯೊದ ವೇಗಕ್ಕಿಂತ ಇದು ದೊಡ್ಡ ಚಿಂತೆಯಾಗಬೇಕು. ಲಿನಕ್ಸ್ ಮಿಂಟ್‌ನಂಥ ವ್ಯವಸ್ಥೆ ಹಾಕಿಕೊಂಡರೆ ಹಳೆಯ ಇಂಟೆಲ್, ಎಎಂಡಿ ಗ್ರಾಫಿಕ್ಸ್ ಅದರ ಕರ್ನಲ್ಲಿನ ಮುಕ್ತ ಡ್ರೈವರಿನಲ್ಲೇ ಚೆನ್ನಾಗಿ ಓಡುತ್ತವೆ, ಕನ್ನಡ ಟೈಪಿಂಗಿಗೆ ಕೆಜಿಪಿ ಕೀಲಿಮಣೆ ವಿನ್ಯಾಸವೂ ಸಿಗುತ್ತದೆ. ಹಳೆಯ ನುಡಿ, ಬರಹ ಫಾಂಟಿನ ಕಡತಗಳನ್ನು ಯೂನಿಕೋಡಿಗೆ ತಿರುಗಿಸಿಕೊಳ್ಳಬೇಕು ಎಂಬುದೊಂದು ತಲೆನೋವು.

ಇಷ್ಟೆಲ್ಲ ಹೇಳಿದ ಮೇಲೂ ಮುಖ್ಯ ಪ್ರಶ್ನೆ ಉಳಿದಿದೆ: ನಿಧಾನಕ್ಕೆ ಕಾರಣ ಗ್ರಾಫಿಕ್ಸೇ ಹೌದೇ? ಇದನ್ನು ಯಾರ ಮಾತನ್ನೂ ನಂಬದೆ ತಾವೇ ಪರೀಕ್ಷಿಸಬಹುದು. 2017ರ ಕೊನೆಯಿಂದ ವಿಂಡೋಸ್ 10ರ ಟಾಸ್ಕ್ ಮ್ಯಾನೇಜರಿನಲ್ಲಿ ಪ್ರೊಸೆಸರ್, ಮೆಮೊರಿ, ಡಿಸ್ಕ್ ಜೊತೆಗೆ ಜಿಪಿಯು, ಅಂದರೆ ಗ್ರಾಫಿಕ್ಸ್ ಚಿಪ್ಪಿನ, ನಕ್ಷೆಯೂ ಕಾಣುತ್ತದೆ; ತೀರಾ ಹಳೆಯ ಡ್ರೈವರ್ ಇದ್ದರೆ ಮಾತ್ರ ಕಾಣದು. ಯಂತ್ರ ತಡವರಿಸುವಾಗ ಅದನ್ನು ತೆರೆದಿಟ್ಟು ನೋಡಿ. ಹಳೆಯ ಆಲ್‌-ಇನ್‌-ಒನ್‌ಗಳಲ್ಲಿ ಸಾಮಾನ್ಯವಾಗಿ ಕಾಣುವುದು ಡಿಸ್ಕ್ 100 ಪ್ರತಿಶತ ಮುಟ್ಟಿ ನಿಂತಿರುವ ದೃಶ್ಯ. ಜಿಪಿಯು ನಕ್ಷೆ ತಳದಲ್ಲೇ ತೆವಳುತ್ತಿರುತ್ತದೆ. ಕಾರಣ ಒಳಗಿರುವ ತಿರುಗುವ ಹಾರ್ಡ್‌ಡಿಸ್ಕ್. ಸಾಲಾಗಿ ಓದುವಾಗ ಅದು ಸೆಕೆಂಡಿಗೆ ನೂರರಿಂದ ನೂರೈವತ್ತು ಎಂಬಿ ಕೊಟ್ಟೀತು. ಸಾಟಾ ಎಸ್‌ಎಸ್‌ಡಿ 500 ಎಂಬಿಗೂ ಹೆಚ್ಚು ಕೊಡುತ್ತದೆ. ಚದುರಿದ ಸಣ್ಣ ಕಡತಗಳನ್ನು ಹುಡುಕಿ ತರುವ ಕೆಲಸದಲ್ಲಿ ಅಂತರ ಇನ್ನೂ ಎಷ್ಟೋ ಪಟ್ಟು ದೊಡ್ಡದು, ಮತ್ತು ದಿನನಿತ್ಯದ ಕೆಲಸವೆಲ್ಲ ಇಂಥದ್ದೇ. ಗ್ರಾಮ ಒನ್ ಕೇಂದ್ರದ ಅರ್ಜಿ, ಟ್ಯಾಲಿಯ ಲೆಕ್ಕ, ಕನ್ನಡ ಡಿಟಿಪಿ, ಶಾಲೆಯ ಪಾಠ, ಇವುಗಳಲ್ಲಿ ಯಾವುದೂ ಗ್ರಾಫಿಕ್ಸ್ ಕಾರ್ಡಿಗೆ ಕಾಯುವುದಿಲ್ಲ. ಲಗ್ನಪತ್ರಿಕೆಯ ಒತ್ತಕ್ಷರಗಳನ್ನು ಜೋಡಿಸುವುದು ಕೂಡ ಪ್ರೊಸೆಸರೇ. ಎರಡೂವರೆ ಇಂಚಿನ ಎಸ್‌ಎಸ್‌ಡಿ ಯಾವ ಕಂಪನಿಯದಾದರೂ ಸಾಟಾ ಜಾಗದಲ್ಲಿ ಕೂರುತ್ತದೆ, ಹಾರ್ಡ್‌ಡಿಸ್ಕಿಗಿಂತ ತಣ್ಣಗೂ ಇರುತ್ತದೆ. ಆದರೆ 2011ರ ಐಮ್ಯಾಕಿನಲ್ಲಿ ಒಂದು ಕೊಕ್ಕೆ ಇದೆ: ಮೂಲ ಡಿಸ್ಕಿನ ಉಷ್ಣತಾ ಸಂಕೇತ ಸಿಗದಿದ್ದರೆ ಫ್ಯಾನ್ ಪೂರ್ತಿ ವೇಗದಲ್ಲಿ ಓಡತೊಡಗುತ್ತದೆ, ಅದಕ್ಕೆ ಬೇರೆ ಕೇಬಲ್ ಅಥವಾ ಸಾಫ್ಟ್‌ವೇರ್ ಬೇಕು.

ಗ್ರಾಫಿಕ್ಸ್ ವೇಗವನ್ನೇ ಹೆಚ್ಚಿಸಬೇಕೆಂದರೂ ಅನೇಕ ಯಂತ್ರಗಳಲ್ಲಿ ದಾರಿ ರ‍್ಯಾಮ್ ಸ್ಲಾಟಿನಲ್ಲಿದೆ. ಇದು ಬಹಳ ಜನಕ್ಕೆ ಗೊತ್ತಿಲ್ಲದ ಮಾತು. ಪ್ರೊಸೆಸರಿನೊಳಗಿನ ಗ್ರಾಫಿಕ್ಸಿಗೆ ಸ್ವಂತ ಮೆಮೊರಿ ಇಲ್ಲ. ಅದು ರ‍್ಯಾಮನ್ನೇ ಹಂಚಿಕೊಳ್ಳುತ್ತದೆ. ಒಂದೇ ಪಟ್ಟಿಯ ಡಿಡಿಆರ್3-1600 ರ‍್ಯಾಮ್ ಇದ್ದರೆ ಸೆಕೆಂಡಿಗೆ 12.8 ಜಿಬಿ ಮಾಹಿತಿ ಹರಿದೀತು. ಅಂಥದ್ದೇ ಇನ್ನೊಂದು ಪಟ್ಟಿ ಪಕ್ಕದಲ್ಲಿ ಕೂರಿಸಿದರೆ 25.6 ಜಿಬಿ. ಕಾರ್ಖಾನೆಯಿಂದ ಒಂದೇ ಪಟ್ಟಿಯೊಡನೆ ಬಂದ ಯಂತ್ರಗಳು ಕಡಿಮೆ ಏನಲ್ಲ; ಅಂಥವಕ್ಕೆ ಇನ್ನೊಂದನ್ನು ಸೇರಿಸುವುದೇ ನಿಜವಾದ ಗ್ರಾಫಿಕ್ಸ್ ಸುಧಾರಣೆ. 1.35 ವೋಲ್ಟಿನ ಡಿಡಿಆರ್3ಎಲ್ ಬೇಕೇ, 1.5 ವೋಲ್ಟಿನದು ನಡೆಯುತ್ತದೆಯೇ ಎಂದು ಕೈಪಿಡಿ ನೋಡಿಕೊಳ್ಳಬೇಕು, ಅಷ್ಟೇ. ಯೂಟ್ಯೂಬ್ ತಡವರಿಕೆಗೂ ಕಾರಣ ಬಲಹೀನತೆಯಲ್ಲ, ಭಾಷೆ ಬಾರದಿರುವುದು. 2011ರ ಇಂಟೆಲ್ ಗ್ರಾಫಿಕ್ಸ್ ಎಚ್.264 ರೂಪದ ವಿಡಿಯೊವನ್ನು ಸಲೀಸಾಗಿ ಬಿಡಿಸುತ್ತದೆ. ಹೊಸ ರೂಪವಾದ ವಿಪಿ9 ಪೂರ್ತಿಯಾಗಿ ತಿಳಿದದ್ದು ಏಳನೆಯ ಪೀಳಿಗೆಗೆ, ಎವಿ1 ತಿಳಿದದ್ದು 2020ರ ಹನ್ನೊಂದನೆಯ ಪೀಳಿಗೆಗೆ. ಯೂಟ್ಯೂಬ್ ಹೊಸ ರೂಪಗಳನ್ನು ಕಳಿಸಿದಾಗ ಹಳೆಯ ಯಂತ್ರದಲ್ಲಿ ಆ ಭಾರ ಪ್ರೊಸೆಸರಿನ ಮೇಲೆ ಬೀಳುತ್ತದೆ. ಎಚ್264ಇಫೈ ಎಂಬ ಉಚಿತ ಬ್ರೌಸರ್ ಸೇರ್ಪಡೆ ಹಳೆಯ ರೂಪವನ್ನೇ ಕಳಿಸುವಂತೆ ಮಾಡುತ್ತದೆ. ಒಂದು ಪೈಸೆ ಖರ್ಚಿಲ್ಲದೆ ದೂರಿನ ಅರ್ಧ ಭಾಗ ಹೋಗುವುದಾದರೆ ಕಾರ್ಡು ಯಾತಕ್ಕೆ?

ಕಾರ್ಡನ್ನು ಹೊರಗಿಟ್ಟು ತಂತಿಯಿಂದ ಜೋಡಿಸಿದರಾಗದೇ ಎಂಬ ಆಕ್ಷೇಪ ಉಂಟು. ಥಂಡರ್‌ಬೋಲ್ಟ್ 3 ಇದ್ದರೆ ಆಗುತ್ತದೆ; ಆಪಲ್ 2018ರಿಂದ ಅಧಿಕೃತವಾಗಿ ಬೆಂಬಲಿಸಿತ್ತು ಕೂಡ. ಆದರೆ ಹಳೆಯ ಆಲ್‌-ಇನ್‌-ಒನ್‌ಗಳಲ್ಲಿ ಆ ಕಿಂಡಿ ಇಲ್ಲ. 2011ರ ಐಮ್ಯಾಕಿನಲ್ಲಿರುವುದು 10 ಗಿಗಾಬಿಟ್‌ನ ಮೊದಲ ಪೀಳಿಗೆ. ವೈಫೈ ಕಾರ್ಡಿನ ಪುಟ್ಟ ಸ್ಲಾಟಿನಿಂದ ತಂತಿ ಹೊರಗೆಳೆದು ದೊಡ್ಡ ಕಾರ್ಡು ಜೋಡಿಸುವ ಅಡಾಪ್ಟರುಗಳೂ ಇವೆ. ಆ ಸ್ಲಾಟಿನ ಒಂಟಿ ದಾರಿ ಸೆಕೆಂಡಿಗೆ 500 ಎಂಬಿಯದು, ಟವರಿನ ಸ್ಲಾಟು 16 ಜಿಬಿಯದು. ಬೇರೆ ಪವರ್ ಸಪ್ಲೈ ಬೇಕು, ವೈಫೈ ಕಳೆದುಕೊಳ್ಳಬೇಕು, ಚಿತ್ರ ಸರಾಗವಾಗಬೇಕಾದರೆ ಬೇರೆ ಮಾನಿಟರೂ ಬೇಕು. ಅಲ್ಲಿಗೆ ಆಲ್‌-ಇನ್‌-ಒನ್‌ ಇಟ್ಟುಕೊಂಡ ಉದ್ದೇಶವೇ ಹೋಯಿತು. ಯುಎಸ್‌ಬಿಗೆ ಸಿಕ್ಕಿಸುವ ಡಿಸ್‌ಪ್ಲೇ ಅಡಾಪ್ಟರನ್ನು ಕೆಲವರು ಗ್ರಾಫಿಕ್ಸ್ ಕಾರ್ಡೆಂದೇ ಕೊಳ್ಳುತ್ತಾರೆ. ಅದು ಇನ್ನೊಂದು ಪರದೆ ಜೋಡಿಸುವ ಸಾಧನ ಮಾತ್ರ, ವೇಗ ಕೊಡದು.

ಇದಕ್ಕಿಂತ ತೂಕದ ಆಕ್ಷೇಪ, ನಿಜವಾದ ಅಗತ್ಯ ಇರುವವರದು. ಡಾವಿಂಚಿ ರಿಸಾಲ್ವ್‌ನಲ್ಲಿ ಮದುವೆ ವಿಡಿಯೊ ಕತ್ತರಿಸುವ ಸ್ಟುಡಿಯೊದವರಿಗೆ, ಬ್ಲೆಂಡರ್ ತಂತ್ರಾಂಶ ಕಲಿಯುತ್ತಿರುವ ಹುಡುಗಿಗೆ ಒಳ್ಳೆಯ ಜಿಪಿಯು ಬೇಕೇ ಬೇಕು; ಎಸ್‌ಎಸ್‌ಡಿ ಹಾಕಿಕೊಳ್ಳಿ ಎಂದು ಅವರಿಗೆ ಹೇಳುವುದು ಅಡ್ಡಮಾತಾದೀತು. ಅವರಿಗೂ ಉತ್ತರ ಆಲ್‌-ಇನ್‌-ಒನ್‌ ಒಳಗಿಲ್ಲ. ದೊಡ್ಡ ಕಂಪನಿಗಳ ಕಚೇರಿಯಿಂದ ಹೊರಬಂದ ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಎಲೈಟ್‌ಡೆಸ್ಕ್, ಲೆನೊವೊ ಥಿಂಕ್‌ಸೆಂಟರ್‌ನಂಥ ಡೆಸ್ಕ್‌ಟಾಪುಗಳು ಸೆಕೆಂಡ್‌ಹ್ಯಾಂಡ್ ಪೇಟೆಯಲ್ಲಿ ಧಾರಾಳ. ತೀರಾ ಪುಟ್ಟವನ್ನು ಬಿಟ್ಟರೆ ಅವುಗಳಲ್ಲಿ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ಇದೆ. 30 ವಾಟ್‌ನ ಜಿಟಿ 1030, ಅಥವಾ ಜಾಗವೂ ವಿದ್ಯುತ್ತೂ ಅನುಮತಿಸಿದರೆ 75 ವಾಟ್‌ನ ಜಿಟಿಎಕ್ಸ್ 1650ರ ಕೆಲವು ಮಾದರಿಗಳು, ಹೆಚ್ಚುವರಿ ತಂತಿಯಿಲ್ಲದೆ ಅಲ್ಲಿ ಕೂರುತ್ತವೆ. (ಜಿಟಿ 1030 ಕೊಳ್ಳುವಾಗ ಜಿಡಿಡಿಆರ್5 ಎಂದಿರುವುದನ್ನೇ ಕೇಳಿ, ಅದೇ ಹೆಸರಿನ ಡಿಡಿಆರ್4 ಕಾರ್ಡಿನ ಮೆಮೊರಿ ವೇಗ ಮೂರನೆಯ ಒಂದು ಪಾಲು.) ಮುಂದೆ ಕಾರ್ಡು ಸಾಲದಾದಾಗ ಕಾರ್ಡನ್ನಷ್ಟೇ ಬದಲಿಸಿದರಾಯಿತು, ಆ ಹಣ ಒಂದೇ ಯಂತ್ರಕ್ಕೆ ಬಂದಿಯಾಗುವುದಿಲ್ಲ.

ಹಾಗಾದರೆ ಚೆನ್ನಾಗಿರುವ 23 ಇಂಚು, 27 ಇಂಚು ಪರದೆಯನ್ನು ಎಸೆಯುವುದೇ? ಬೇಡ, ಈ ಆಕ್ಷೇಪದಲ್ಲಿ ನ್ಯಾಯವಿದೆ. ಹಳೆಯ ಆಲ್‌-ಇನ್‌-ಒನ್‌ನಲ್ಲಿ ಇನ್ನೂ ಬೆಲೆಯುಳ್ಳ ಭಾಗ ಅದೇ. ಕೆಲವು ಮಾದರಿಗಳಲ್ಲಿ ಎಚ್‌ಡಿಎಂಐ ಇನ್ ಎಂಬ ಕಿಂಡಿ ಇರುತ್ತದೆ. ಅದಕ್ಕೆ ಹೊರಗಿನ ಡೆಸ್ಕ್‌ಟಾಪ್ ಜೋಡಿಸಿದರೆ ಇಡೀ ಯಂತ್ರ ಮಾನಿಟರಾಗುತ್ತದೆ. ಔಟ್ ಎಂದು ಬರೆದಿರುವ ಕಿಂಡಿಯಿಂದ ಇದು ಸಾಧ್ಯವಿಲ್ಲ. 2009 ಮತ್ತು 2010ರ 27 ಇಂಚಿನ ಐಮ್ಯಾಕ್‌ಗಳು ಮಿನಿ ಡಿಸ್‌ಪ್ಲೇಪೋರ್ಟ್ ಮೂಲಕ ಹೊರಗಿನ ಚಿತ್ರ ತೆಗೆದುಕೊಳ್ಳುತ್ತವೆ. 2011ರಿಂದ 2014ರ ಮಧ್ಯದವರೆಗಿನವಕ್ಕೆ ಥಂಡರ್‌ಬೋಲ್ಟ್ ಇರುವ ಇನ್ನೊಂದು ಮ್ಯಾಕ್ ಬೇಕು. ಕಿಂಡಿಯೇ ಇಲ್ಲದ, ಮದರ್‌ಬೋರ್ಡ್ ಸತ್ತ ಯಂತ್ರವಾದರೆ ಪರದೆಯ ಬೆನ್ನಿನ ಮೇಲಿರುವ ಪ್ಯಾನೆಲ್ ನಂಬರಿಗೆ ಹೊಂದುವ ಎಲ್‌ಸಿಡಿ ಕಂಟ್ರೋಲರ್ ಬೋರ್ಡ್ ತರಿಸಿ ಜೋಡಿಸಬಹುದು. ಟಿವಿ ರಿಪೇರಿ ಬಲ್ಲವರಿಗೆ ಇದು ಹೊಸ ವಿದ್ಯೆಯಲ್ಲ. ಗ್ರಾಫಿಕ್ಸ್ ಕಾರ್ಡನ್ನು ಪರದೆಯ ಬೆನ್ನಿಗೆ ತುರುಕುವುದಕ್ಕಿಂತ ಪರದೆಯನ್ನು ಉಳಿಸಿಕೊಂಡು ಉಳಿದದ್ದನ್ನು ಹೊರಗೆ ತರುವುದೇ ಈ ಯಂತ್ರಗಳಿಗೆ ಒಪ್ಪುವ ಸುಧಾರಣೆ. ಉಳಿದ ಬೋರ್ಡುಗಳನ್ನು ಹಿತ್ತಲಿನಲ್ಲಿ ಸುಡದೆ ಅಧಿಕೃತ ಇ-ತ್ಯಾಜ್ಯ ಘಟಕಕ್ಕೆ ಸೇರಿಸಬೇಕು.

ಕಾರ್ಡು ಬದಲಿಸುವುದು ನ್ಯಾಯವಾಗುವ ಒಂದೇ ಸಂದರ್ಭ ನನಗೆ ಕಾಣುತ್ತದೆ: ಬಿಚ್ಚಬಹುದಾದ ಕಾರ್ಡು ಕೆಟ್ಟು, ಯಂತ್ರದ ಉಳಿದ ಭಾಗವೆಲ್ಲ ಗಟ್ಟಿಯಾಗಿದ್ದಾಗ. ಆಗಲೂ ಹುಡುಕಬೇಕಾದದ್ದು ಅದೇ ಪಾರ್ಟ್ ನಂಬರಿನ ಅಥವಾ ಅದೇ ವಾಟ್‌ನೊಳಗಿನ ಕಾರ್ಡನ್ನು, ಹೆಚ್ಚು ಬಲದ್ದನ್ನಲ್ಲ. ಜೊತೆಗೆ ಫ್ಯಾನ್ ಸ್ವಚ್ಛಮಾಡಿ, ಪೇಸ್ಟ್ ಬದಲಿಸಿ, ಮನೆಯ ಅರ್ಥಿಂಗ್ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು.

ಈ ಪ್ರಶ್ನೆಯ ತೀರ್ಮಾನ ಆಗುವುದು ಬಳಕೆದಾರನ ಮೇಜಿನ ಮೇಲಲ್ಲ, ಕಾರ್ಖಾನೆಯಲ್ಲಿ. ಚಿಪ್ಪನ್ನು ಬೆಸೆಯಬೇಕೋ ಸಿಕ್ಕಿಸಬೇಕೋ, ಪರದೆಯನ್ನು ಅಂಟಿಸಬೇಕೋ ಸ್ಕ್ರೂ ಹಾಕಬೇಕೋ ಎಂದು ಅಲ್ಲಿ ನಿರ್ಧರಿಸಿದ ಮೇಲೆ ಹತ್ತು ವರ್ಷದ ಬಳಿಕ ಕೊಪ್ಪದ ಮೆಕ್ಯಾನಿಕ್ ಮಾಡಬಹುದಾದದ್ದು ಅಲ್ಪ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ದುರಸ್ತಿ ಹಕ್ಕಿನ ಜಾಲತಾಣ ತೆರೆಯಿತು, ಆಮೇಲೆ ದುರಸ್ತಿ ಸೂಚ್ಯಂಕದ ಕೆಲಸಕ್ಕೂ ಕೈಹಾಕಿತು. ಅದರ ಮೊದಲ ಗಮನ ಸ್ಮಾರ್ಟ್‌ಫೋನ್ ಮತ್ತು ಟ್ಯಾಬ್ಲೆಟ್‌ಗಳ ಮೇಲೆ. ಆಲ್‌-ಇನ್‌-ಒನ್‌ ಕಂಪ್ಯೂಟರುಗಳನ್ನೂ ಆ ಪಟ್ಟಿಗೆ ಸೇರಿಸಬೇಕು. ರ‍್ಯಾಮ್, ಡಿಸ್ಕ್, ಗ್ರಾಫಿಕ್ಸ್ ಬಿಚ್ಚಬಹುದೇ, ಹೊರಗಿನ ಚಿತ್ರಕ್ಕೆ ಕಿಂಡಿ ಇದೆಯೇ ಎಂಬುದನ್ನು ಡಬ್ಬಿಯ ಮೇಲೆ ಅಚ್ಚು ಹಾಕಿಸಬೇಕು. ಅದು ಬರುವವರೆಗೆ ಶಾಲೆಗೋ ಪಂಚಾಯಿತಿಗೋ ಮನೆಗೋ ಇಂಥ ಯಂತ್ರ ಕೊಳ್ಳುವವರು ಈ ನಾಲ್ಕು ಪ್ರಶ್ನೆಗಳನ್ನು ಅಂಗಡಿಯಲ್ಲೇ ಕೇಳಿ, ಉತ್ತರವನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ.